ಹೆಣವಿಲ್ಲದೆ ಹಾಡದ ಪದ

ತಾನು ತಮ್ಮನ ಕೆಮ್ಮನ್ನು ಎಣಿಸುತ್ತಿದ್ದೇನೆಂದು ಎನೈದಾಗೆ ಗೊತ್ತಾದದ್ದು ಅಕ್ಟೋಬರ್ ತಿಂಗಳ ಒಂದು ಭಾನುವಾರ, ಊಟದ ನಡುವೆ. ಉಬಾಲ್ದೊ ಹುರಿದ ಮೀನಿನ ಮುಳ್ಳು ಬಿಡಿಸುತ್ತ ಮೂರು ಸಲ ಕೆಮ್ಮಿದ. ಮೂರನೆಯದು ಎದೆಯ ತಳದಿಂದ ಬಂತು. ಎನೈದಾ ಕೈಯಲ್ಲಿದ್ದ ಬೇಯಿಸಿದ ಮರಗೆಣಸಿನ ತುಂಡನ್ನು ತಟ್ಟೆಯಲ್ಲಿಟ್ಟು, ಹೋದ ವಾರಕ್ಕಿಂತ ಜಾಸ್ತಿಯಾಗಿದೆ ಎಂದುಕೊಂಡಳು. ಹಾಗೆಂದುಕೊಂಡದ್ದರಲ್ಲಿ ದುಗುಡ ಇರಲಿಲ್ಲ. ಇನ್ನೇನೋ ಇತ್ತು. ಅದು ಏನೆಂದು ತಿಳಿದ ಕೂಡಲೇ ಅವಳು ತಮ್ಮನ ಮುಖವನ್ನೇ ದಿಟ್ಟಿಸಿದಳು.

"ಏನಕ್ಕಾ ಹಂಗೆ ನೋಡ್ತೀಯ? ಮುಳ್ಳು ಸಿಕ್ಕೊಂಡಿಲ್ಲ, ಬದುಕಿದೀನಿ," ಎಂದು ಅವನು ನಕ್ಕ.

"ಡಾಕ್ಟರ ಹತ್ರ ಹೋಗು ಅಂದಿದ್ನಲ್ಲ."

"ಹೋಗಿದ್ದೆ ಕಣೆ. ಸಿಗರೇಟು ಬಿಡು ಅಂದ್ರು. ನಿಮ್ಮ ಬೆರಳು ನಂದಕ್ಕಿಂತ ಹಳದಿ ಆಗಿದೆಯಲ್ಲ ಸ್ವಾಮಿ, ಮೊದ್ಲು ನೀವು ಬಿಟ್ಟು ತೋರಿಸಿ ಅಂದೆ."

ಅವನು ಮತ್ತೆ ಕೆಮ್ಮಿದ. ನಾಲ್ಕು, ಎಂದಿತು ಅವಳ ತಲೆಯೊಳಗಿನ ಏನೋ ಒಂದು. ಅವಳು ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡಳು.

ಇದು ಶುರುವಾದದ್ದು ಅವರ ತಾಯಿ ಫುಲ್ಹೆನ್ಸಿಯಾಳ ಹಾಡುಗಳಿಂದ. ನಲವತ್ತು ವರ್ಷ ಫುಲ್ಹೆನ್ಸಿಯಾ ತಲೆಯ ಮೇಲೆ ಅಲ್ಯೂಮಿನಿಯಂ ಬೋಗುಣಿ ಹೊತ್ತು ಕಾರ್ತಹೇನಾ ಪಟ್ಟಣದ ಬೀದಿಗಳಲ್ಲಿ ಬೆಲ್ಲದುಂಡೆ, ಕೊಬ್ಬರಿ ಮಿಠಾಯಿ ಮಾರಿದವಳು. ಅವಳ ಕೂಗು ಮೂರು ಬೀದಿ ದಾಟಿ ಕೇಳುತ್ತಿತ್ತು. ಸಂಜೆ ಬಸ್ಸು ಹಿಡಿದು ತನ್ನ ಹಳ್ಳಿ ಪಾಲೆಂಕೆಗೆ ಮರಳಿದರೆ ಅವಳು ಬೇರೆಯೇ ಹೆಂಗಸು. ಊರಿನ ಮೇಲ್ಗೇರಿಯಲ್ಲಿ ಯಾರು ಸತ್ತರೂ ಒಂಬತ್ತು ರಾತ್ರಿಯ ಜಾಗರಣೆಗೆ ಅವಳೇ ಮುಂದಾಳು, ಉಳಿದ ಹೆಂಗಸರು ಅವಳ ಹಿಂದೆ ದನಿಗೂಡಿಸುವವರು.

ಉಬಾಲ್ದೊನದು ಪಿಕೊ. ಗೋಡೆಯಷ್ಟು ಎತ್ತರದ, ಬೆಂಕಿಯ ನಾಲಿಗೆಗಳ ಚಿತ್ರ ಬರೆದ ಧ್ವನಿಪೆಟ್ಟಿಗೆಗಳನ್ನು ಓಣಿಯಲ್ಲಿ ನಿಲ್ಲಿಸಿ, ಹಾಡು ಹಾಕಿ ಜನರನ್ನು ಕುಣಿಸುವ ಕಸುಬು. ಅವನ ಪಿಕೊಗೆ ಎಲ್ ತಿಸೋನ್ ಎಂದು ಹೆಸರು. ಉರಿಯುವ ಕೊಳ್ಳಿ ಎಂದರ್ಥ. ಪಿಕೊ ಇಟ್ಟವನ ಮಾನವೆಲ್ಲ ಇನ್ನೊಬ್ಬನ ಬಳಿ ಇಲ್ಲದ ಹಾಡು ತನ್ನ ಬಳಿ ಇರುವುದರಲ್ಲಿ. ಅದಕ್ಕೇ ಅವರು ಹಾಡಿನ ತಟ್ಟೆ ಸಿಕ್ಕ ಕೂಡಲೇ ಅದರ ನಡುವಿನ ಚೀಟಿಯನ್ನು ನಾಣ್ಯದಿಂದ ಕೆರೆದು ಹೆಸರು ಅಳಿಸಿಬಿಡುತ್ತಾರೆ. ಹೆಸರೇ ಇಲ್ಲದ ಹಾಡನ್ನು ಎದುರಾಳಿ ಯಾವ ಅಂಗಡಿಯಲ್ಲಿ ಹುಡುಕಿಯಾನು? ಉಬಾಲ್ದೊ ಒಮ್ಮೆ ತಾಯಿಯ ಜೋಗುಳವನ್ನೂ ಬೀದಿಯ ಕೂಗನ್ನೂ ಮುದ್ರಿಸಿ, ಅದರ ಹೆಸರನ್ನೂ ಕೆರೆದು, ತನ್ನದೊಂದೇ ಎಂದು ಮೆರೆದ. ಹಬ್ಬದ ದಿನ ಅವನು ಕುಡಿದು ಮಲಗಿದ್ದಾಗ ಯಾರೋ ಅದನ್ನು ನಕಲು ಮಾಡಿಕೊಂಡರು. ಮರುವರ್ಷ ಫುಲ್ಹೆನ್ಸಿಯಾಳ ದನಿ ಒಂದು ಕುಣಿತದ ಹಾಡಿನೊಳಗೆ ಸೇರಿಕೊಂಡು ಬಸ್ಸು, ಹೋಟೆಲು, ಮೊಬೈಲು ಎಲ್ಲ ಕಡೆ ಕೇಳಿಸಿತು. ಒಡೆತನ ರಾಜಧಾನಿಯ ಯಾವುದೋ ಕಂಪನಿಯದು. ಕೇಳಲು ಹೋದರೆ, ನಿಮ್ಮದೆನ್ನಲು ದಾಖಲೆ ತನ್ನಿ ಎಂದರು. ದಾಖಲೆಯನ್ನು ಮಗನೇ ನಾಣ್ಯದಿಂದ ಕೆರೆದುಹಾಕಿದ್ದ.

ಎನೈದಾ ಕಾರ್ತಹೇನಾದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುವವಳು. ಅಳೆಯುವುದು, ಬರೆದಿಡುವುದು, ಮತ್ತೊಮ್ಮೆ ಅಳೆದು ತಾಳೆ ನೋಡುವುದು ಅವಳ ಸ್ವಭಾವ. ಎರಡು ವರ್ಷ ಪ್ರತಿ ಭಾನುವಾರ ಊರಿಗೆ ಹೋಗಿ, ಕೋಣೆಯ ಗೋಡೆಗೆ ಹಾಸಿಗೆ ಒರಗಿಸಿ, ಹುಂಜವನ್ನು ಪಕ್ಕದ ಮನೆಯಲ್ಲಿ ಕಟ್ಟಿಹಾಕಿಸಿ, ತಾಯಿಯ ನಲವತ್ತೊಂದು ಹಾಡುಗಳನ್ನು ದಾಖಲಿಸಿದಳು. ಜಾಗರಣೆಯದೊಂದು ಬಿಟ್ಟು ಎಲ್ಲವನ್ನೂ. ಕೊನೆಯ ದಿನ ಅವುಗಳನ್ನು ಎಲ್ಲಿ ಇಡುತ್ತೇನೆಂದು ತಾಯಿಗೆ ವಿವರಿಸಿದಳು.

"ಒಂದೇ ಕಡೆ ಇಡಲ್ಲಮ್ಮ. ಮೊದ್ಲು ಬೀಗ ಹಾಕ್ತೀನಿ. ಆಮೇಲೆ ಚೂರು ಚೂರು ಮಾಡಿ ಇನ್ನೂರು ಮುನ್ನೂರು ಜನರ ಯಂತ್ರದಲ್ಲಿ ಹಂಚಿಡೋದು. ಅವರ್ಯಾರೂ ನಮಗೆ ಗೊತ್ತಿಲ್ಲ, ನಾವು ಅವರಿಗೆ ಗೊತ್ತಿಲ್ಲ. ಒಬ್ಬರ ಮನೆ ಸುಟ್ಟೋದ್ರೂ ಇನ್ನೊಬ್ಬರ ಹತ್ರ ಇರುತ್ತೆ. ಅವರ್ಯಾರಿಗೂ ಕೇಳಿಸಲ್ಲ."

"ಯಾರದ್ದು ಅಂತ?"

"ಅದು ಬೇರೆ ಪುಸ್ತಕ. ಬ್ಲಾಕ್‌ಚೈನ್ ಅಂತಾರೆ. ಹಾಡಿದ್ದು ಫುಲ್ಹೆನ್ಸಿಯಾ ಕಾಸಿಯಾನಿ, ಒಡತಿ ಅವಳೇ, ಇಂಥ ದಿನ ಅಂತ ಬರೆಯೋದು. ಅದೇ ಪುಸ್ತಕದ ಪ್ರತಿ ಸಾವಿರಾರು ಕಡೆ ಇರುತ್ತೆ. ಒಂದು ಕಡೆ ತಿದ್ದಿದ್ರೆ ಉಳಿದವ್ರು ಒಪ್ಪಲ್ಲ."

"ಅಂದ್ರೆ ನಿನ್ನ ತಮ್ಮ ನಾಣ್ಯದಲ್ಲಿ ಕೆರೀತಾನಲ್ಲ, ಹಂಗೆ ಕೆರೆಯೋಕಾಗಲ್ಲ?"

"ಆಗಲ್ಲ."

"ಸರಿ. ಬೀಗದ ಕೈ?"

"ಹನ್ನೆರಡು ಪದ ಕೊಡುತ್ತೆ. ಅದೇ ಬೀಗದ ಕೈ. ಕ್ರಮ ತಪ್ಪಬಾರದು. ಅದು ಹೋದ್ರೆ ನಾನೂ ತೆರೆಯೋಕಾಗಲ್ಲ, ದೇವರೂ ತೆರೆಯೋಕಾಗಲ್ಲ. ನನ್ನ ಹತ್ರ ಇಟ್ಕೋತೀನಿ."

"ಹಾಡು ನಂದು, ಬೀಗದ ಕೈ ನಿಂದಾ? ಚೆನ್ನಾಗಿದೆ!" ಫುಲ್ಹೆನ್ಸಿಯಾ ಎದ್ದು ನಿಂತಳು. "ಒಬ್ಬ ಮಗ ಕುಡಿದು ಕಳ್ಕೊಂಡ. ಒಬ್ಬಳು ಓದಿ ಕಳ್ಕೊಳ್ಳೋದು ಬೇಡ. ನೀನು ಆಚೆ ಹೋಗು. ನಾನೇ ಓದ್ಕೋತೀನಿ."

ಐವತ್ತು ದಾಟಿದ ಮೇಲೆ ಸಂಜೆಶಾಲೆಯಲ್ಲಿ ಅಕ್ಷರ ಕಲಿತವಳು ಅವಳು. ಬಾಗಿಲು ಹಾಕಿಕೊಂಡು ಪರದೆಯ ಮೇಲಿನ ಹನ್ನೆರಡು ಪದಗಳನ್ನು ಬೆರಳಿಟ್ಟು ಓದಿದಳು. ಅರ್ಧ ಗಂಟೆಯ ಮೇಲೆ ಏನೋ ಗುನುಗುತ್ತ ಹೊರಬಂದಳು. ಕಾಗದದಲ್ಲಿ ಬರೆದಿಡು ಎಂದು ಎನೈದಾ ಗೋಗರೆದರೆ, "ಕಾಗದ ಇಲಿ ತಿನ್ನುತ್ತೆ. ನನ್ನಜ್ಜಿಯ ಅಜ್ಜಿ ಹಾಡಿದ್ದು ಇದರೊಳಗಿದೆ," ಎಂದು ಹಣೆ ತಟ್ಟಿಕೊಂಡಳು. "ಹನ್ನೆರಡು ಪದ ಭಾರ ಆಗುತ್ತಾ?" ಆಮೇಲೆ ಮಗಳ ಯಂತ್ರದಲ್ಲಿದ್ದ ಪ್ರತಿಗಳನ್ನೆಲ್ಲ ತನ್ನ ಕಣ್ಣೆದುರೇ ಅಳಿಸಿಹಾಕಿಸಿದಳು. ಎನೈದಾ ತನ್ನ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುವವಳು. ಮರಳಿ ಸಿಗದ ಹಾಗೆ ಮೂರು ಸಲ ಅಳಿಸಿದಳು.

ಹತ್ತು ತಿಂಗಳ ನಂತರ, ಮೇ ತಿಂಗಳಲ್ಲಿ, ಫುಲ್ಹೆನ್ಸಿಯಾ ಬೋಗುಣಿ ಹೊತ್ತು ಬಸ್ಸಿನ ಮೆಟ್ಟಿಲು ಹತ್ತುತ್ತಿದ್ದಾಗ ಹಾಗೇ ಕುಸಿದಳು.

ಒಂಬತ್ತು ರಾತ್ರಿ ಜಾಗರಣೆ ನಡೆಯಿತು. ಅವಳ ಅಕ್ಕ, ಊರೆಲ್ಲ ಮಾ ಸೆಬೆರಿಯಾನಾ ಎಂದು ಕರೆಯುವ ಎಂಬತ್ತೊಂದರ ಮುದುಕಿ, ಹಾಡಿನ ಮುಂದಾಳಾದಳು. ಬಂದವರ ಮೊಬೈಲುಗಳನ್ನು ಅವಳು ಬಾಗಿಲಲ್ಲೇ ಬುಟ್ಟಿಯಲ್ಲಿ ಇಡಿಸಿಕೊಂಡಳು. ಒಂಬತ್ತನೆಯ ದಿನ ಬೆಳಕು ಹರಿಯುವ ಹೊತ್ತಿಗೆ ಸತ್ತವಳಿಗೆಂದು ಕಟ್ಟಿದ್ದ ಬಿಳಿಬಟ್ಟೆಯ ಪೀಠವನ್ನು ಬಿಚ್ಚುವಾಗ ಹಾಡು ಕೊನೆಗೆ ಬಂತು. ಎನೈದಾ ಅಡುಗೆಮನೆಯಲ್ಲಿ ಅರವತ್ತು ಮಂದಿಗೆ ಕಾಫಿ ಸೋಸುತ್ತಿದ್ದಳು. ಒಂದು ಹೊಸ ನುಡಿ ಕಿವಿಗೆ ಬಿತ್ತು. ಜೇನ್ನೊಣ ಎಂದಿತ್ತು, ಬೂದಿ ಎಂದಿತ್ತು, ಕೋತಿಯೂ ಇತ್ತೇನೋ. ಅಮ್ಮ ಕಟ್ಟಿದ ಏನೋ ಚೇಷ್ಟೆಯಿರಬೇಕು ಎಂದುಕೊಂಡು, ಅಳುವಿನ ನಡುವೆ ಸ್ವಲ್ಪ ನಕ್ಕಳು ಕೂಡ.

ಮೂರು ವಾರದ ಮೇಲೆ, ಪ್ರಯೋಗಾಲಯದಲ್ಲಿ ಗಾಜಿನ ಕೊಳವೆ ತೊಳೆಯುತ್ತಿದ್ದಾಗ, ಅವಳ ಕೈ ತಟ್ಟನೆ ನಿಂತಿತು. ಜೇನ್ನೊಣ, ಬೂದಿ, ಕೋತಿ. ಒಂದಕ್ಕೊಂದು ಸಂಬಂಧವಿಲ್ಲದ ಪದಗಳು. ಹಾಗೆ ಸಂಬಂಧವಿಲ್ಲದಿರುವುದೇ ಅವುಗಳ ಲಕ್ಷಣ. ಯಂತ್ರ ಪಟ್ಟಿಯಿಂದ ಕಣ್ಣುಮುಚ್ಚಿ ಹೆಕ್ಕಿದ ಪದಗಳು ಹಾಗೆಯೇ ಇರುತ್ತವೆ. ತಾಯಿ ಬೀಗದ ಕೈಯನ್ನು ಹಾಡಿನಲ್ಲಿ ಹೆಣೆದು ಅಕ್ಕನಿಗೆ ಕೊಟ್ಟು ಹೋಗಿದ್ದಳು.

ಅವಳು ಅಂದೇ ಪಾಲೆಂಕೆಗೆ ಹೋದಳು. ಮಾ ಸೆಬೆರಿಯಾನಾ ಅಂಗಳದಲ್ಲಿ ಊದಿದ ಕಾಲುಗಳನ್ನು ನೀರಿನ ತೊಟ್ಟಿಯಲ್ಲಿಟ್ಟು ಕೂತಿದ್ದಳು.

"ಹೌದು, ಹೋದ ಮಳೆಗಾಲದಲ್ಲಿ ನಿಮ್ಮಮ್ಮನೇ ಹೇಳ್ಕೊಟ್ಟಿದ್ದು," ಎಂದಳು. "ನಮ್ಮ ಅಣ್ಣ ಸತ್ತಾಗ, ಅವನ ಹೆಣದ ಮುಂದೆ. ನನ್ನ ಮೇಲೆ ಇದನ್ನೇ ಹಾಡು, ನನ್ನ ಹೊಟ್ಟೇಲಿ ಹುಟ್ಟಿದವ್ರ ಮೇಲೂ ಹಾಡು ಅಂದ್ಲು."

"ಮಾ, ಈಗ ಒಂದ್ಸಲ ಹಾಡು. ಬರ್ಕೋತೀನಿ."

ಮುದುಕಿ ಅವಳನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು. "ಪಟ್ಟಣದ ನೀರು ಕುಡಿದು ತಲೆ ಕೆಟ್ಟಿದ್ಯಾ? ಹೆಣ ಎಲ್ಲಿದೆ?"

"ಹಾಡಬೇಡ, ಬರೀ ಮಾತಲ್ಲಿ ಹೇಳು."

ಮಾ ಸೆಬೆರಿಯಾನಾ ಪಾಪ, ಪ್ರಯತ್ನಪಟ್ಟಳು. ಬಾಯಿ ತೆರೆದಳು, ಮುಚ್ಚಿದಳು, ಬೆರಳು ಮಡಿಸಿದಳು. ಒಂದೂ ಬರಲಿಲ್ಲ. "ನಡೀವಾಗ ಯಾವ ಕಾಲು ಮೊದ್ಲಿಡ್ತೀಯ ಅಂತ ಕೇಳಿದಂಗಾಯ್ತು," ಎಂದಳು. "ಅದು ನನ್ನ ನೆನಪಲ್ಲಿಲ್ಲ ಮಗಳೇ, ಗಂಟಲಲ್ಲಿದೆ. ಡೋಲು ಬೇಕು, ಮಲಗಿದವ್ರು ಬೇಕು. ಹೆಣ ಇಲ್ಲದೆ ಹಾಡಿದ್ರೆ ಹಾಡೇ ಹೆಣ ಹುಡುಕ್ಕೊಂಡು ಹೊರಡುತ್ತೆ. ಜಾಗರಣೇಲಿ ಕೂತು ಹಿಂದೆ ಹಿಂದೆ ಹಾಡಿ ಕಲೀಬೇಕು. ನೀನು ಹದಿನೇಳಕ್ಕೇ ಓದೋಕೆ ಹೋದೆ. ಕಲೀಲಿಲ್ಲ."

ಹಿಂದೆ ದನಿಗೂಡಿಸಿದ್ದ ಹೆಂಗಸರಲ್ಲಿ ಯಾರಿಗೂ ಒಂದೆರಡು ಪದಕ್ಕಿಂತ ಹೆಚ್ಚು ನೆನಪಿರಲಿಲ್ಲ. ಎನೈದಾ ಆ ದಿನದಿಂದ ಕಾಯತೊಡಗಿದಳು. ಮೊದಮೊದಲು ತಾನು ಕಾಯುತ್ತಿರುವುದು ಏನನ್ನು ಎಂದು ಅವಳು ಯೋಚಿಸಲಿಲ್ಲ. ದಿನಾ ಬೆಳಿಗ್ಗೆ ಆರಕ್ಕೆ ಮೊಬೈಲಿಗೆ ಒಂದು ಸಂದೇಶ ಬರುತ್ತಿತ್ತು. ದೂರದ ಆ ಯಂತ್ರಗಳನ್ನು ಯಾರೋ ದಿನವೂ ಕೇಳುತ್ತಾರೆ, ನಿನ್ನ ಪಾಲಿನ ಚೂರು ನಿನ್ನ ಬಳಿ ಇದೆಯೇ ಎಂದು. ಅವು ಲೆಕ್ಕ ಮಾಡಿ ಇದೆ ಎಂದು ಸಾಬೀತು ಮಾಡುತ್ತವೆ. "ನಲವತ್ತೊಂದು ಧ್ವನಿಗಳು. ಎಲ್ಲವೂ ಇವೆ. ಬೀಗ ಹಾಕಿದೆ." ಭೂಮಿಯ ಯಾವ್ಯಾವುದೋ ಮೂಲೆಯ ಇನ್ನೂರ ಹನ್ನೊಂದು ಮನೆಗಳಲ್ಲಿ ಅವಳ ತಾಯಿ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಉಳಿದ ಕಡೆಯೆಲ್ಲ, ಕಂಪನಿಯ ಆ ಕುಣಿತದ ಹಾಡಿನಲ್ಲಿ, ಬೆಲ್ಲದುಂಡೆ ಬೇಕಾ ಎಂದು ಕೂಗುತ್ತಲೇ ಇದ್ದಳು. ಬಸ್ಸಿನಲ್ಲಿ ಅದು ಕೇಳಿಸಿದರೆ ಎನೈದಾ ನಡುದಾರಿಯಲ್ಲೇ ಇಳಿದುಬಿಡುತ್ತಿದ್ದಳು. ಬೀಗ ತೆರೆದರೆ ಅದೇ ಕೂಗು ಅದೇ ದನಿಯಲ್ಲಿ ಸಿಗುತ್ತದೆ, ಎರಡನ್ನೂ ತಾಳೆ ಹಾಕಿ ಒಡತಿ ಯಾರೆಂದು ತೋರಿಸಬಹುದು, ಆ ಕೂಗನ್ನು ನಿಲ್ಲಿಸಬಹುದು. ತೆರೆಯದಿದ್ದರೆ ದಾಖಲೆಯಲ್ಲಿ ಇರುವುದು ಒಂದು ಹೆಸರು ಮತ್ತು ಯಾರಿಗೂ ಅರ್ಥವಾಗದ ಸದ್ದು.

ಜುಲೈಯಲ್ಲಿ ದೂರದ ಸೋದರಸಂಬಂಧಿಯ ಗಂಡ ತೀರಿಕೊಂಡ. ಎನೈದಾ ರಜೆ ಹಾಕಿ ಒಂಬತ್ತೂ ರಾತ್ರಿ ಕೂತಳು. ಮಾ ಸೆಬೆರಿಯಾನಾ ಆ ನುಡಿಯನ್ನು ಹಾಡಲೇ ಇಲ್ಲ.

"ಅದು ಅವನಿಗಲ್ಲ," ಎಂದಳು ಆಮೇಲೆ. "ನಿಮ್ಮಮ್ಮ ತನ್ನ ರಕ್ತಕ್ಕೆ ಅಂತ ಕಟ್ಟಿದ್ದು."

ಆಗಸ್ಟಿನಲ್ಲಿ ಇನ್ನೊಂದು ಸಾವು, ಅಲ್ಲಿಗೂ ಹೋದಳು, ಅಲ್ಲೂ ಇಲ್ಲ. ಊರಿನ ಹೆಂಗಸರು ಕಣ್ಣುಸನ್ನೆ ಮಾಡಿ ನಗತೊಡಗಿದ್ದರು. "ನೋಡೇ, ರಣಹದ್ದು ಬಂತು. ಯಾರ ಮನೆ ಮೇಲೆ ಕೂರುತ್ತೋ ನೋಡ್ಕೊಳ್ಳಿ," ಎಂದಳೊಬ್ಬಳು, ಕೇಳುವ ಹಾಗೆಯೇ. ಇನ್ನೊಬ್ಬಳು ತನ್ನ ಮಂಚ ಹಿಡಿದ ಮಾವನ ಕೋಣೆಯ ಬಾಗಿಲನ್ನು ಅವಳನ್ನು ಕಂಡು ಎಳೆದುಕೊಂಡಳು.

ತಾಯಿಯ ರಕ್ತವೆಂದರೆ ಮೂವರು. ಮಾ ಸೆಬೆರಿಯಾನಾ ಸತ್ತರೆ ಹಾಡುವವಳೇ ಇಲ್ಲ. ಎನೈದಾ ಸತ್ತರೆ ಬರೆದುಕೊಳ್ಳುವವಳಿಲ್ಲ. ಉಳಿದವನು ಉಬಾಲ್ದೊ. ಸಾಯಬೇಕಾದವನು ಅವನು, ಅದೂ ಮುದುಕಿಯ ಕಾಲಿನ ಊತ ಎದೆಗೇರುವ ಮೊದಲು. ಲೆಕ್ಕ ಅಷ್ಟು ಸರಳವಾಗಿತ್ತು. ಅವಳು ಅದನ್ನು ಯಾವತ್ತೂ ಬರೆದು ನೋಡಿರಲಿಲ್ಲ, ಅಷ್ಟೆ. ಆ ಭಾನುವಾರ ಹಿತ್ತಲಿನಲ್ಲಿ ಮುಖ ತೊಳೆದುಕೊಳ್ಳುವಾಗ ಅದು ಬರೆದಿಟ್ಟಷ್ಟು ಸ್ಪಷ್ಟವಾಗಿ ಕಂಡಿತು.

ಅವಳು ಒಳಗೆ ಬಂದು ತಮ್ಮನ ಎದುರು ಕೂತಳು. "ನೀನು ಸಾಯಲಿ ಅಂತ ಕಾಯ್ತಾ ಇದೀನಿ ಅನ್ಸುತ್ತೆ ಕಣೋ," ಎಂದಳು.

ಎಲ್ಲವನ್ನೂ ಹೇಳಿದಳು. ಉಬಾಲ್ದೊ ಮೀನಿನ ತಲೆಯನ್ನು ತಟ್ಟೆಯ ಅಂಚಿಗೆ ಸರಿಸಿದ.

"ನಾನು ಕುಡಿದು ಮಲಗದೇ ಇದ್ದಿದ್ರೆ ಇದ್ಯಾವ್ದೂ ಇರ್ಲಿಲ್ಲ," ಎಂದ.

"ಅದನ್ನ ನಾನು ಅಂದೆನಾ?"

"ನೀನು ಅನ್ನಲ್ಲ, ಅದೇ ಕಷ್ಟ." ಆಮೇಲೆ ಅವನ ಮುಖದಲ್ಲಿ ಹಳೆಯ ತುಂಟತನ ಮೆಲ್ಲಗೆ ಮರಳಿತು. "ಸರಿ ಹಂಗಾದ್ರೆ. ಸತ್ತೇಬಿಡೋಣ. ಎಷ್ಟು ಹೊತ್ತು ಬೇಕು ನಿಂಗೆ? ಹತ್ತು ನಿಮಿಷ?"

"ಏನು ಮಾತು ಅಂತ ಆಡ್ತೀಯ?"

"ಹೆಣ ಬೇಕು ಅಂತಾಳಲ್ಲ ಮುದುಕಿ. ನನ್ನಂಥ ಹೆಣ ಎಲ್ಲಿ ಸಿಗುತ್ತೆ? ಶಾಲೇಲಿ ಲೆಕ್ಕದ ಮೇಷ್ಟ್ರು ಬಂದ ದಿನ ಎಲ್ಲ ಸತ್ತು ಮಲಗಿದ್ದೋನು ನಾನು."

ಮುಂದಿನ ಭಾನುವಾರ ಇಬ್ಬರೂ ಪಾಲೆಂಕೆಗೆ ಹೋದರು. ಮಾ ಸೆಬೆರಿಯಾನಾ ಮೊದಲು ಬೈದಳು, ಆಮೇಲೆ ಹೊಡೆಯಲು ಚಪ್ಪಲಿ ಹುಡುಕಿದಳು, ಕೊನೆಗೆ ಕೂತುಕೊಂಡಳು. ಅವಳ ಉಸಿರು ಹಿಂದಿನ ತಿಂಗಳಿಗಿಂತ ಮೇಲೆ, ಕತ್ತಿನ ಹತ್ತಿರ ಆಡುತ್ತಿತ್ತು. ಎನೈದಾ ಬೇಡವೆಂದರೂ ಅದನ್ನು ಗಮನಿಸಿದಳು.

"ನಂಗೂ ಭಯ ಇದೆ," ಎಂದಳು ಮುದುಕಿ. "ನಾನು ಹೋದ್ರೆ ಇದು ನನ್ನ ಗಂಟಲಲ್ಲೇ ಮಣ್ಣಾಗುತ್ತೆ. ಫುಲ್ಹೆನ್ಸಿಯಾಗೆ ಏನಂತ ಹೇಳ್ಲಿ ಅಲ್ಲಿ?" ಆಮೇಲೆ ಬೆರಳೆತ್ತಿದಳು. "ಒಂದು ಮಾತು. ಶುರು ಮಾಡಿದ್ಮೇಲೆ ನಿಲ್ಲಿಸಬಾರದು. ಹಾಡು ಅದನ್ನ ಕರೆಯುತ್ತೆ, ಸತ್ತವ್ರನ್ನ ಕರ್ಕೊಂಡು ಹೋಗೋದನ್ನ. ಕೊನೇ ಪದದಲ್ಲಿ ಬಾಗಿಲು ಹಾಕುತ್ತೆ. ಒಂದೇ ಓಟದಲ್ಲಿ ಮುಗಿದ್ರೆ ಬಂದಿದ್ದು ಬರಿಗೈಲಿ ವಾಪಸ್ ಹೋಗುತ್ತೆ. ಹೆಣ ಸುಳ್ಳು ಅಂತ ತಿಳ್ಕೊಳೋಕೆ ಅದಕ್ಕೆ ಪುರುಸೊತ್ತಿರಲ್ಲ. ಮಧ್ಯದಲ್ಲಿ ನಿಂತ್ರೆ ಕೂತ್ಬಿಡುತ್ತೆ. ಏನೇ ಆಗ್ಲಿ ನಿಲ್ಲಿಸಬೇಡ."

"ಇಲ್ಲ ಮಾ."

ಮಧ್ಯಾಹ್ನ ಒಂದು ಗಂಟೆ. ಹೊರಗೆ ನಾಯಿಗಳೂ ನೆರಳಿಗೆ ಸೇರಿದ್ದವು. ಉಬಾಲ್ದೊ ತಾಯಿಯ ಹೆಣ ಮಲಗಿಸಿದ್ದ ಕೋಣೆಯಲ್ಲೇ ನೆಲದ ಮೇಲೆ ಚಾಪೆ ಹಾಸಿ, ಬಿಳಿ ಅಂಗಿ ತೊಟ್ಟು ಮಲಗಿದ. ಮೂಗಿಗೂ ಕಿವಿಗೂ ಹತ್ತಿ ಬೇಕೆಂದು ಹಟ ಹಿಡಿದ. "ಕೆಲಸ ಅಂದ್ಮೇಲೆ ಸರಿಯಾಗಿರಬೇಕು. ಕಾಫಿ ಕೊಡ್ತೀರಾ ಹೆಣಕ್ಕೆ?"

"ಬಾಯಿ ಮುಚ್ಚೋ ದರಿದ್ರದವ್ನೆ," ಎಂದಳು ಮಾ ಸೆಬೆರಿಯಾನಾ. ಎನೈದಾ ಅವನ ಕಿವಿಗೆ ಹತ್ತಿ ಒತ್ತಿದಳು. ಮೂಗಿಗೆ ಇಡಲು ಅವಳ ಕೈ ಬರಲಿಲ್ಲ. ಅವನು ಕಣ್ಣು ಮುಚ್ಚಿದ.

ಮುದುಕಿ ಸಣ್ಣ ಡೋಲನ್ನು ಮಂಡಿಗಳ ನಡುವೆ ಇಟ್ಟುಕೊಂಡಳು. ಮೊದಲ ಬಡಿತಕ್ಕೇ ಅವಳ ಮುಖ ಬದಲಾಯಿತು. ಅಷ್ಟು ಹೊತ್ತು ಕತ್ತಿನಲ್ಲಿ ಆಡುತ್ತಿದ್ದ ಉಸಿರು ಎಲ್ಲೋ ಕೆಳಗಿಳಿದು, ಅಲ್ಲಿಂದ ಎಂಬತ್ತೊಂದರ ದೇಹದಲ್ಲಿ ಇರಲಾರದ ಒಂದು ದನಿ ಎದ್ದಿತು. ಕರೆಯುವ ಸಾಲುಗಳು ಊರಿನ ಹಳೆಯ ಮಾತಿನಲ್ಲಿದ್ದವು. ಅವು ಮುಗಿದು, ಹೊಸ ನುಡಿ ಬಂತು. ಜೇನ್ನೊಣ. ಎನೈದಾ ಬರೆದುಕೊಂಡಳು. ಮೂಳೆ. ಹಾಲು. ಪ್ರತಿ ಪದಕ್ಕೂ ಒಂದು ಸಾಲು, ಸಾಲಿನ ಕೊನೆಗೆ ಎರಡು ಬಡಿತ. ಹಗ್ಗ. ಕೋತಿ. ಅವಳ ಅಕ್ಷರ ದುಂಡಗೆ, ಸ್ಪಷ್ಟವಾಗಿ ಇತ್ತು. ಸಂಖ್ಯೆ ಹಾಕುತ್ತ ಹೋದಳು. ಆರು. ಏಳು. ಬೂದಿ ಎಂಟನೆಯದು; ಅದು ಎರಡನೆಯದೆಂದು ಇಷ್ಟು ದಿನ ಅಂದುಕೊಂಡಿದ್ದಳು. ಒಂಬತ್ತು. ನೆರಳು, ಹತ್ತು. ಇನ್ನೆರಡೇ. ಸಂತೋಷದಿಂದ ಅವಳ ಕೈ ಬಿಸಿಯಾಯಿತು. ಹನ್ನೊಂದನೆಯದನ್ನು ಬರೆದು, ಹನ್ನೆರಡು ಎಂದು ಸಂಖ್ಯೆ ಹಾಕಿ ಕಾಯುವಾಗ, ಕೋಣೆಯಲ್ಲಿ ಯಾವುದೋ ಒಂದು ಸದ್ದು ಕಡಿಮೆಯಾಗಿದೆ ಎನ್ನಿಸಿತು.

ಕೆಮ್ಮು ಇರಲಿಲ್ಲ. ಹಾಡು ಶುರುವಾದಾಗಿನಿಂದಲೂ ಇರಲಿಲ್ಲ. ಅವಳು ತಲೆ ಎತ್ತಿ ನೋಡಿದಳು. ಬಿಳಿ ಅಂಗಿ ಅಲುಗುತ್ತಿರಲಿಲ್ಲ. ತುಟಿ ತುಸು ತೆರೆದಿತ್ತು, ಬಣ್ಣ ಹೋಗಿತ್ತು. ಕೆನ್ನೆಯ ಮೇಲೆ ನೊಣವೊಂದು ಕೂತಿತ್ತು, ಅವನು ಅದನ್ನು ಓಡಿಸಿರಲಿಲ್ಲ. ಹನ್ನೊಂದು ಪದಗಳ ಉದ್ದಕ್ಕೂ ತಾನು ಒಂದು ಸಲವೂ ಅವನತ್ತ ನೋಡಿರಲಿಲ್ಲ ಎಂಬುದು ಅವಳಿಗೆ ಆಗ ತಿಳಿಯಿತು.

ಅವಳು ಹಾರಿ ಮುದುಕಿಯ ಬಾಯಿಗೆ ಕೈ ಒತ್ತಿದಳು. ಹನ್ನೆರಡನೆಯ ಪದ ಅವಳ ಅಂಗೈಗೆ ಬಿಸಿ ಗಾಳಿಯಾಗಿ ತಾಗಿ ಅಲ್ಲೇ ನಿಂತಿತು.

"ಉಬಾಲ್ದೊ! ಏಳೋ! ಏಳೋ!"

ಅವನು ಕಣ್ಣು ಬಿಟ್ಟ. ಎದ್ದು ಕೂತು, ಕಿವಿಯ ಹತ್ತಿ ತೆಗೆದು, ದೊಡ್ಡದೊಂದು ಉಸಿರೆಳೆದುಕೊಂಡ. "ಆಯ್ತಾ? ಅಬ್ಬಾ, ಎಷ್ಟು ಹೊತ್ತು ಬಿಗಿ ಹಿಡಿದಿದ್ದೆ ನೋಡು. ಆ ದರಿದ್ರ ನೊಣ ಬೇರೆ. ಅಲ್ಲಾಡಲಿಲ್ಲ ಅಲ್ವಾ? ಹೆಂಗಿತ್ತು ನನ್ನ ಹೆಣ?"

ಮಾ ಸೆಬೆರಿಯಾನಾ ಡೋಲನ್ನು ಮೆಲ್ಲಗೆ ನೆಲಕ್ಕೆ ಇಟ್ಟಳು. ಅವಳು ಉಬಾಲ್ದೊನನ್ನು ನೋಡುತ್ತಿರಲಿಲ್ಲ. ಚಾಪೆಯ ಪಕ್ಕದ ಖಾಲಿ ನೆಲವನ್ನು, ಒಬ್ಬರು ಕಾಲು ಮಡಿಸಿ ಕೂರುವಷ್ಟು ಜಾಗವನ್ನು ನೋಡುತ್ತಿದ್ದಳು.

"ಹೋಗಿ ಊಟ ಮಾಡು ಮಗನೇ," ಎಂದಳು. ಅವನು ಹೋದ ಮೇಲೆ ಎನೈದಾಳ ಮಣಿಕಟ್ಟು ಹಿಡಿದಳು. "ಕರೆದು ಕಳಿಸದೆ ಬಿಟ್ಟೆ."

"ಅವನು ಉಸಿರಾಡ್ತಿರ್ಲಿಲ್ಲ ಮಾ."

"ಗೊತ್ತು. ನಾನಾಗಿದ್ರೂ ಅದನ್ನೇ ಮಾಡ್ತಿದ್ದೆನೇನೋ." ಅವಳ ದನಿ ಮತ್ತೆ ಮುದುಕಿಯ ದನಿಯಾಗಿತ್ತು. "ಇನ್ನು ಮುಗಿಸೋಕಾಗಲ್ಲ. ಈಗ ಅದು ಅವನ ಪಕ್ಕ ಕೂತಾಯ್ತು. ಕೊನೇ ಪದ ಕೇಳಿದ್ರೆ ಏಳುತ್ತೆ, ಬರಿಗೈಲಿ ಏಳಲ್ಲ. ಬೇರೆಯವರ ಬಾಯಲ್ಲಿ ಬಂದ್ರೆ ಅದು ಬರೀ ಮಾತು. ಹಿಂದಿನ ಹನ್ನೊಂದು ಗೊತ್ತಿರೋರ ಬಾಯಲ್ಲಿ ಬಂದ್ರೆ ಹಾಡು. ನಾನು ಅವನ ಮುಂದೆ ಇನ್ನು ಬಾಯೇ ಬಿಡಲ್ಲ. ನಿಂಗೆ ಕೊನೇದು ಗೊತ್ತಿಲ್ಲವಲ್ಲ, ಅಷ್ಟೇ ಪುಣ್ಯ."

ಬಸ್ಸಿನಲ್ಲಿ ವಾಪಸು ಬರುವಾಗ ಉಬಾಲ್ದೊ ಅಕ್ಕನ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋದ. ಎನೈದಾಳ ಚೀಲದಲ್ಲಿ ಹನ್ನೊಂದು ಪದಗಳ ಹಾಳೆ ಇತ್ತು. ಹನ್ನೊಂದು ಸಾಕು ಎಂದು ಅವಳಿಗೆ ಗೊತ್ತಿತ್ತು. ಪಟ್ಟಿಯಲ್ಲಿ ಇರುವುದು ಎರಡು ಸಾವಿರದ ನಲವತ್ತೆಂಟು ಪದ. ಹನ್ನೆರಡನೆಯದು ಪೂರಾ ಸ್ವತಂತ್ರವಲ್ಲ. ಹಿಂದಿನವು ಸರಿಯೇ ಎಂದು ತಾಳೆ ನೋಡುವ ಗುರುತು ಅದರಲ್ಲಿ ಸೇರಿರುತ್ತದೆ. ಆದ್ದರಿಂದ ಆ ಜಾಗದಲ್ಲಿ ನಿಲ್ಲಬಲ್ಲವು ನೂರ ಇಪ್ಪತ್ತೆಂಟು ಮಾತ್ರ. ಒಂದೊಂದಾಗಿ ಪ್ರಯತ್ನಿಸಿದರೆ ಒಂದು ಮಧ್ಯಾಹ್ನದ ಕೆಲಸ. ಮುದುಕಿಗೆ ಇದನ್ನು ಅವಳು ಹೇಳಿರಲಿಲ್ಲ.

ಹದಿನೇಳು ದಿನ ಅವಳು ಹಾಳೆಯನ್ನು ಮಡಿಸಿಯೇ ಇಟ್ಟಿದ್ದಳು. ಇದು ನಂಬಿಕೆ, ಅಳತೆಗೆ ಸಿಗುವುದಲ್ಲ ಎಂದು ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಂಡಳು. ಹದಿನೆಂಟನೆಯ ದಿನ, ಬಸ್ಸಿನಲ್ಲಿ ತಾಯಿ ಮತ್ತೆ ಬೆಲ್ಲದುಂಡೆ ಕೂಗಿದಳು. ಅದರ ಹಿಂದಿನ ತಾಳಕ್ಕೆ ಇಬ್ಬರು ಹುಡುಗಿಯರು ಕೂತಲ್ಲೇ ಸೊಂಟ ಕುಣಿಸುತ್ತಿದ್ದರು. ಎನೈದಾ ಇಳಿಯಲಿಲ್ಲ, ಕೊನೆಯವರೆಗೂ ಕೇಳಿದಳು. ಅಂದು ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಕೂತಳು. ಎಂಬತ್ತಾರನೆಯ ಪದಕ್ಕೆ ಬೀಗ ತೆರೆಯಿತು.

ಮೊದಲು ಕೇಳಿಸಿದ್ದು ಹಾಡಲ್ಲ. ಕುರ್ಚಿ ಎಳೆದ ಸದ್ದು, ಗಂ ಎಂದು ಗಂಟಲು ಸರಿಮಾಡಿಕೊಂಡದ್ದು, ಆಮೇಲೆ, "ಶುರು ಮಾಡ್ಲೇನೇ? ಹುಂಜ ಕಟ್ಟಿಸಿದ್ಯಾ?" ಎಂದದ್ದು. ಎನೈದಾ ಮೇಜಿಗೆ ಹಣೆ ಒತ್ತಿ ನಲವತ್ತೊಂದನ್ನೂ ಕೇಳಿದಳು.

ತಾಯಿಯ ದನಿಯನ್ನೂ ದಾಖಲೆಯನ್ನೂ ಮುಂದಿಟ್ಟಾಗ ಕಂಪನಿ ವಾದಕ್ಕೆ ನಿಲ್ಲಲಿಲ್ಲ. ಮಾರ್ಚ್ ಹೊತ್ತಿಗೆ ಆ ಕುಣಿತದ ಹಾಡು ಎಲ್ಲೂ ಕೇಳಿಸದಾಯಿತು. ಒಡೆತನ ಫುಲ್ಹೆನ್ಸಿಯಾ ಕಾಸಿಯಾನಿಯ ಮಕ್ಕಳದು ಎಂದು ಬ್ಲಾಕ್‌ಚೈನ್ ಪುಸ್ತಕದಲ್ಲಿ ಹೊಸದೊಂದು ಸಾಲು ಸೇರಿತು. ಬಸ್ಸುಗಳಲ್ಲಿ ತಾಯಿ ಸುಮ್ಮನಾಗಿದ್ದಳು. ಎನೈದಾ ಆಗ ಹಾಳೆಯನ್ನು ಸುಟ್ಟಳು. ಅಷ್ಟರಲ್ಲಿ ಅದರ ಅಗತ್ಯ ಇರಲಿಲ್ಲ. ಹನ್ನೆರಡೂ ಅವಳ ಗಂಟಲಿಗೆ ಇಳಿದಿದ್ದವು, ಎರಡೆರಡು ಬಡಿತದ ಸಮೇತ.

ಹನ್ನೆರಡನೆಯದು ಅಪರೂಪದ ಪದವಾಗಿದ್ದರೆ ಒಳ್ಳೆಯದಿತ್ತು. ಅದು ಎಲ್ಲರ ಮನೆಯಲ್ಲೂ ಇರುವ, ದಿನಕ್ಕೆ ನಾಲ್ಕು ಸಲ ಬಾಯಿಗೆ ಬರುವ ಒಂದು ವಸ್ತುವಿನ ಹೆಸರು.

ಈಸ್ಟರ್ ಭಾನುವಾರ ಉಬಾಲ್ದೊ ಅವಳ ಮನೆಗೆ ಊಟಕ್ಕೆ ಬಂದ. ಸಿಗರೇಟು ಬಿಟ್ಟು ಎರಡು ತಿಂಗಳಾಗಿತ್ತು, ಸ್ವಲ್ಪ ಮೈ ತುಂಬಿಕೊಂಡಿದ್ದ. ಹೊಸ ಹಾಡು ಸಿಕ್ಕಿದೆ, ಹೆಸರು ಮಾತ್ರ ಕೇಳಬೇಡ ಎಂದು ಕಣ್ಣು ಮಿಟುಕಿಸಿದ. ಅವಳು ಕೊಬ್ಬರಿ ಅನ್ನ ಬಡಿಸಿ, ಅವನ ಹಿಂದೆ ಕೈ ತೋರಿಸಿ, "ಅದನ್ನ ಸ್ವಲ್ಪ ಈ ಕಡೆ ಕೊಡು," ಎಂದಳು.

"ಯಾವುದನ್ನ?"

"ಅದೇ. ನಿನ್ನ ಹಿಂದೆ ಇದೆಯಲ್ಲ."

"ಹಿಂದೆ ನೂರೆಂಟಿದೆ ಕಣಕ್ಕ. ಹೆಸರಿಟ್ಟು ಹೇಳು."

ಅವಳು ಎದ್ದು, ಅವನನ್ನು ಬಳಸಿ ಹೋಗಿ, ತಾನೇ ತೆಗೆದುಕೊಂಡಳು. ಅವನ ಪಕ್ಕದಲ್ಲಿದ್ದ ಖಾಲಿ ಜಾಗಕ್ಕೆ ಕಾಲು ತಾಗದಂತೆ ನೋಡಿಕೊಂಡಳು.

"ಇತ್ತೀಚೆಗೆ ನಿಂಗೆ ಪದಗಳೇ ಮರೆತು ಹೋಗ್ತಾವಲ್ಲ," ಎಂದು ಅವನು ನಕ್ಕ. ನಗು ಹಾಗೇ ಕೆಮ್ಮಾಯಿತು. ಒಂದು ಸಲ, ಇನ್ನೊಂದು ಸಲ. "ಅಂದ ಹಾಗೆ ಕೇಳೋಣ ಅಂತಿದ್ದೆ. ನನ್ನ ಮೇಲೆ ಅಷ್ಟೆಲ್ಲ ಹಾಡಿದ್ರಲ್ಲ, ಆ ಕೊನೇ ಪದ ಯಾವುದೇ?"

ಎನೈದಾ ಬಾಯಿ ತೆರೆದಳು. ನಾಲಿಗೆ ಆಗಲೇ ಅದರ ಮೊದಲ ಅಕ್ಷರದ ಜಾಗಕ್ಕೆ ಹೋಗಿ ನಿಂತಿತ್ತು. ಅವಳು ಅನ್ನದ ತುತ್ತನ್ನು ಬಾಯಿಗೆ ತುರುಕಿಕೊಂಡು, ಇಲ್ಲ ಎಂದು ತಲೆಯಾಡಿಸಿ, ಅವನು ಕೇಳುವುದನ್ನು ಬಿಡುವ ತನಕ ಅಗಿಯುತ್ತಲೇ ಇದ್ದಳು.